ಮುಖದ ನರದ ಗಡ್ಡೆ: ಗುರುತಿಸುವ ಕ್ರಮ, ಚಿಕಿತ್ಸೆಯ ತೀರ್ಮಾನ

ಬೆಳಿಗ್ಗೆ ಬಾಯಿ ಮುಕ್ಕಳಿಸುವಾಗ ನೀರು ಒಂದು ಕಡೆಯಿಂದ ಸೋರಿಹೋಗುತ್ತದೆ, ಒಂದು ಕಣ್ಣು ಪೂರ್ತಿ ಮುಚ್ಚುವುದಿಲ್ಲ, ನಕ್ಕರೆ ಬಾಯಿ ವಾರೆಯಾಗುತ್ತದೆ. ಮಲೆನಾಡಿನ ಊರುಗಳಲ್ಲಿ ಹೀಗಾದಾಗ ಬಸ್ಸಿನ ಕಿಟಕಿಯ ಪಕ್ಕ ಕೂತು ಗಾಳಿ ಹೊಡೆಯಿತು ಎಂದೋ, ಮಳೆಯಲ್ಲಿ ನೆನೆದದ್ದರಿಂದ ಆಯಿತು ಎಂದೋ ಹೇಳುತ್ತಾರೆ. ಹಠಾತ್ತನೆ ಬರುವ ಇಂಥ ತೊಂದರೆಯಲ್ಲಿ ಹೆಚ್ಚಿನವು ‘ಬೆಲ್ಸ್ ಪಾಲ್ಸಿ’ ಎಂಬ ನರದ ಊತದಿಂದ ಆಗುವಂಥವು ಮತ್ತು ಅವು ವಾಸಿಯಾಗುತ್ತವೆ. ಆದರೆ ಮುಖದ ನರದ ದೌರ್ಬಲ್ಯ ಕಾಣಿಸಿಕೊಂಡ 100 ಜನರಲ್ಲಿ ಸುಮಾರು 5 ಜನರಿಗೆ, ಅಥವಾ ಅದಕ್ಕಿಂತಲೂ ಕಡಿಮೆ ಜನರಿಗೆ, ಕಾರಣ ಗಡ್ಡೆಯಾಗಿರುತ್ತದೆ. ಈ ಕೆಲವರೇ ತಿಂಗಳುಗಟ್ಟಲೆ, ಒಮ್ಮೊಮ್ಮೆ ವರ್ಷಗಟ್ಟಲೆ ಬೆಲ್ಸ್ ಪಾಲ್ಸಿ ಎಂಬ ಚೀಟಿ ಹಿಡಿದು ಅಲೆದಾಡುತ್ತಾರೆ. ರೋಗಿಯೂ ಮನೆಯವರೂ ದಿನಾಂಕಗಳ ಲೆಕ್ಕ ಸರಿಯಾಗಿ ಇಟ್ಟುಕೊಂಡರೆ ಈ ಅಲೆದಾಟದ ಬಹುಪಾಲನ್ನು ತಪ್ಪಿಸಬಹುದು ಎಂಬ ನಂಬಿಕೆಯಿಂದ ಈ ಮಾರ್ಗದರ್ಶಿಯನ್ನು ಬರೆದಿದ್ದೇನೆ.

ನರ ಹೋಗುವ ದಾರಿ

ಮುಖದ ನರವು ಏಳನೆಯ ಕಪಾಲ ನರ. ಅದು ಮಿದುಳಿನ ಕಾಂಡದಿಂದ ಹೊರಟು, ಕೇಳುವ ಮತ್ತು ಸಮತೋಲನದ ನರದ ಜೊತೆಯಲ್ಲೇ ಒಳಕಿವಿಯ ಕಾಲುವೆಯನ್ನು ಹೊಕ್ಕು, ಅಲ್ಲಿಂದ ಕಿವಿಯ ಹಿಂದಿನ ಮೂಳೆಯೊಳಗಿನ ಕಿರಿದಾದ ಸುರಂಗದಲ್ಲಿ ಎರಡು ಕಡೆ ತಿರುಗಿ, ಕಿವಿಯ ಕೆಳಗೆ ಹೊರಬಂದು, ಕೆನ್ನೆಯ ಹಿಂಭಾಗದ ಪೆರೋಟಿಡ್ ಎಂಬ ಜೊಲ್ಲುಗ್ರಂಥಿಯೊಳಗೆ ಐದು ಕವಲುಗಳಾಗಿ ಒಡೆಯುತ್ತದೆ. ಹುಬ್ಬೇರಿಸುವುದು, ಕಣ್ಣು ಮುಚ್ಚುವುದು, ತುಟಿ ಬಿಗಿಯುವುದು ಅದರ ಕಣ್ಣಿಗೆ ಕಾಣುವ ಕೆಲಸಗಳು. ಕಣ್ಣೀರು, ಜೊಲ್ಲು, ನಾಲಗೆಯ ಮುಂಭಾಗದ ರುಚಿ, ದೊಡ್ಡ ಶಬ್ದದಿಂದ ಒಳಕಿವಿಯನ್ನು ಕಾಯುವ ಪುಟ್ಟ ಸ್ನಾಯುವಿನ ಚಲನೆ, ಇವೂ ಇದೇ ನರಕ್ಕೆ ಸೇರಿವೆ. ಇಷ್ಟು ಉದ್ದದ ದಾರಿಯಲ್ಲಿ ಗಡ್ಡೆ ಎಲ್ಲಿ ಬೇಕಾದರೂ ಹುಟ್ಟಬಹುದು. ಮೂಳೆಯ ಸುರಂಗದಲ್ಲಿ ನರಕ್ಕೆ ಹಿಗ್ಗಲು ಜಾಗವಿಲ್ಲದ ಕಾರಣ ಅಲ್ಲಿ ಸಣ್ಣ ಗಡ್ಡೆಯೂ ದೊಡ್ಡ ತೊಂದರೆ ಕೊಡುತ್ತದೆ. ಪೆರೋಟಿಡ್ ಗ್ರಂಥಿಯ ಮೆತ್ತನೆಯ ಜಾಗದಲ್ಲಾದರೆ ಗಡ್ಡೆ ನಿಂಬೆಹಣ್ಣಿನ ಗಾತ್ರಕ್ಕೆ ಬೆಳೆದರೂ ಮುಖ ಸರಿಯಾಗಿಯೇ ಇರಬಹುದು. ನರದ ಎಳೆಗಳಲ್ಲಿ ಅರ್ಧದಷ್ಟು ಹಾಳಾಗುವವರೆಗೂ ಮುಖದ ಚಲನೆಯಲ್ಲಿ ಕೊರತೆ ಕಾಣದೇ ಇರುವುದುಂಟು.

ಮೊದಲ ದಿನ: ಪಾರ್ಶ್ವವಾಯುವೇ, ನರದ ತೊಂದರೆಯೇ

ರೋಗಿಯನ್ನು ಬೆಳಕಿಗೆ ಕೂರಿಸಿ ಎರಡೂ ಹುಬ್ಬುಗಳನ್ನು ಮೇಲೆತ್ತಲು ಹೇಳಿ. ಹಣೆಯ ಎರಡೂ ಬದಿಯಲ್ಲಿ ನೆರಿಗೆ ಮೂಡುತ್ತಿದ್ದು ಮುಖದ ಕೆಳಭಾಗ ಮಾತ್ರ ಸೊಟ್ಟಗಾಗಿದ್ದರೆ, ಅಥವಾ ಕೈಕಾಲಿನಲ್ಲಿ ಬಲ ಕಡಿಮೆಯಾಗಿದ್ದರೆ, ಮಾತು ತೊದಲುತ್ತಿದ್ದರೆ, ಅದನ್ನು ಮಿದುಳಿನ ಪಾರ್ಶ್ವವಾಯು ಎಂದೇ ಭಾವಿಸಿ 108ಕ್ಕೆ ಕರೆ ಮಾಡಬೇಕು. ರಕ್ತದ ಹೆಪ್ಪನ್ನು ಕರಗಿಸುವ ಚುಚ್ಚುಮದ್ದು ಕೊಡಲು ಸುಮಾರು ನಾಲ್ಕೂವರೆ ಗಂಟೆಯ ಅವಧಿ ಮಾತ್ರ ಇರುತ್ತದೆ. ಹೊಸನಗರದ ಒಳಊರಿನಿಂದಲೋ ಸಾಗರದ ಹಿನ್ನೀರಿನ ಆಚೆಯಿಂದಲೋ ಶಿವಮೊಗ್ಗ ತಲುಪಲು ಹಿಡಿಯುವ ಹೊತ್ತನ್ನು ನೆನೆದರೆ, ನಾಳೆ ನೋಡೋಣ ಎನ್ನಲು ಅವಕಾಶವೇ ಇಲ್ಲ.

ಹಣೆಯೂ ಸೇರಿ ಮುಖದ ಅರ್ಧಭಾಗ ಪೂರ್ತಿ ನಿಂತಿದ್ದರೆ ತೊಂದರೆ ನರದಲ್ಲಿಯೇ ಇರುವ ಸಾಧ್ಯತೆ ಹೆಚ್ಚು. ಆಗ ಅದೇ ದಿನ ಅಥವಾ ಮರುದಿನ ಇ.ಎನ್.ಟಿ. ವೈದ್ಯರಿಗೆ ಕಿವಿ ತೋರಿಸಬೇಕು. ಕಿವಿಯ ಸುತ್ತ ನೀರುಗುಳ್ಳೆಗಳೆದ್ದಿದ್ದರೆ ಅದು ಸರ್ಪಸುತ್ತಿನ ವೈರಾಣುವಿನ ಕೆಲಸವಾಗಿದ್ದು, ಅದಕ್ಕೆ ಬೇರೆ ಔಷಧವೂ ಬೇಕಾಗುತ್ತದೆ. ಬಹುಕಾಲದಿಂದ ಕಿವಿ ಸೋರುತ್ತಿದ್ದವರ ಮುಖ ವಾರೆಯಾದರೆ ಒಳಗಿನ ಸೋಂಕು ಮೂಳೆಯನ್ನು ತಿನ್ನುತ್ತಿರಬಹುದಾದ್ದರಿಂದ ತುರ್ತು ಶಸ್ತ್ರಚಿಕಿತ್ಸೆ ಬೇಕಾಗಬಹುದು. ಇವೆರಡೂ ಇಲ್ಲದಿದ್ದಾಗ ವೈದ್ಯರು ಬೆಲ್ಸ್ ಪಾಲ್ಸಿ ಎಂದು ತೀರ್ಮಾನಿಸಿ ಸ್ಟೀರಾಯ್ಡ್ ಮಾತ್ರೆ ಬರೆಯುತ್ತಾರೆ. ತೊಂದರೆ ಶುರುವಾದ 72 ಗಂಟೆಗಳೊಳಗೆ ಅದನ್ನು ಆರಂಭಿಸಿದರೆ ಗುಣ ಹೆಚ್ಚು. ಸಕ್ಕರೆ ಕಾಯಿಲೆ ಇರುವವರು ಅದನ್ನು ಮರೆಯದೆ ಹೇಳಬೇಕು, ಏಕೆಂದರೆ ಸ್ಟೀರಾಯ್ಡ್ ತೆಗೆದುಕೊಳ್ಳುವಾಗ ರಕ್ತದ ಸಕ್ಕರೆ ಏರುತ್ತದೆ.

ಕಣ್ಣಿನ ಕಾವಲು

ಕಾರಣ ಬೆಲ್ಸ್ ಪಾಲ್ಸಿಯಾಗಲಿ, ಗಡ್ಡೆಯಾಗಲಿ, ಮುಚ್ಚದ ಕಣ್ಣಿನ ಆರೈಕೆ ಮೊದಲ ದಿನದಿಂದಲೇ ಶುರುವಾಗಬೇಕು. ಮುಖದ ಸೊಟ್ಟತನವನ್ನು ಮುಂದೆ ಸರಿಪಡಿಸಲು ದಾರಿಗಳಿವೆ, ಆದರೆ ಒಣಗಿ ಹುಣ್ಣಾದ ಕಣ್ಣಿನ ಕರಿಗುಡ್ಡೆಯ ಮೇಲೆ ಕಲೆ ಬಿದ್ದರೆ ದೃಷ್ಟಿ ಮರಳುವುದು ಕಷ್ಟ. ಹಗಲಿನಲ್ಲಿ ಒಂದೆರಡು ಗಂಟೆಗೊಮ್ಮೆ ಕೃತಕ ಕಣ್ಣೀರಿನ ಹನಿ ಹಾಕಬೇಕು. ರಾತ್ರಿ ಮಲಗುವ ಮುನ್ನ ಕೆಳರೆಪ್ಪೆಯನ್ನು ಸ್ವಲ್ಪ ಎಳೆದು ಕಣ್ಣಿನ ಮುಲಾಮನ್ನು ಅಕ್ಕಿಕಾಳಿನಷ್ಟುದ್ದ ಹಚ್ಚಿ, ಬೆರಳಿನ ಹಿಂಬದಿಯಿಂದ ಮೇಲ್ರೆಪ್ಪೆಯನ್ನು ಮೆಲ್ಲಗೆ ಕೆಳಗಿಳಿಸಿ ಹಿಡಿದು, ಮೆಡಿಕಲ್ ಅಂಗಡಿಯಲ್ಲಿ ಸಿಗುವ ಕಾಗದದ ಟೇಪನ್ನು ರೆಪ್ಪೆಯ ಮೇಲೆ ಅಂಟಿಸಬೇಕು. ಟೇಪು ಅಂಟಿದ ಮೇಲೆ ಕಣ್ಣು ಪೂರ್ತಿ ಮುಚ್ಚಿದೆಯೇ ಎಂದು ಟಾರ್ಚ್ ಹಿಡಿದು ಇನ್ನೊಬ್ಬರು ನೋಡಬೇಕು, ಏಕೆಂದರೆ ಕೆಳಗೆ ಬಿಳಿಯ ಎಳೆಯೊಂದು ಕಾಣುತ್ತಿದ್ದರೂ ಬೆಳಗಾಗುವುದರೊಳಗೆ ಅಷ್ಟು ಜಾಗ ಒಣಗಿರುತ್ತದೆ. ತೆರೆದ ಕಣ್ಣಿನ ಮೇಲೆ ನೇರವಾಗಿ ಹತ್ತಿ ಅಥವಾ ಬಟ್ಟೆಯ ಪಟ್ಟಿ ಕಟ್ಟಬಾರದು. ಅದು ಕರಿಗುಡ್ಡೆಯನ್ನೇ ಉಜ್ಜುತ್ತದೆ.

ಮಲೆನಾಡಿನ ಮನೆಗಳಲ್ಲಿ ಇನ್ನೂ ಕೆಲವು ಎಚ್ಚರಿಕೆಗಳು ಬೇಕು. ಬಚ್ಚಲ ಒಲೆಯ ಹೊಗೆ, ಅಡಿಕೆ ಬೇಯಿಸುವ ಒಲೆಯ ಹಬೆ, ಸುಲಿದ ಸಿಪ್ಪೆಯ ದೂಳು, ಬೈಕಿನ ಎದುರುಗಾಳಿ, ಇವೆಲ್ಲ ರೆಪ್ಪೆ ಮುಚ್ಚದ ಕಣ್ಣಿಗೆ ಪೆಟ್ಟು ಕೊಡುತ್ತವೆ. ಕೊನೆಕೊಯ್ಲಿನ ಕಾಲದಲ್ಲಿ ಮನೆಮಂದಿಯೆಲ್ಲ ಅಂಗಳದಲ್ಲಿ ಕೂತಿರುವಾಗ ಒಬ್ಬರು ಮಾತ್ರ ಎದ್ದು ಹೋಗುವುದು ಮುಜುಗರವೆನಿಸಿದರೂ, ಸುತ್ತಲೂ ಮುಚ್ಚಿದ ಕನ್ನಡಕವಿಲ್ಲದೆ ಅಲ್ಲಿ ಕೂರಬಾರದು. ನಂದಿಬಟ್ಟಲ ಹೂವಿನ ರಸವನ್ನಾಗಲಿ, ಎದೆಹಾಲನ್ನಾಗಲಿ ಈ ಕಣ್ಣಿಗೆ ಹಾಕಬೇಡಿ. ಕಣ್ಣು ಕೆಂಪಾಗಿ ನೋಯತೊಡಗಿದರೆ, ಬೆಳಕು ಚುಚ್ಚಿದಂತಾದರೆ, ದೃಷ್ಟಿ ಮಂಜಾದರೆ ಅದೇ ದಿನ ನೇತ್ರತಜ್ಞರ ಬಳಿ ಹೋಗಬೇಕು. ನೋವಿಲ್ಲ ಎಂದು ನಿಶ್ಚಿಂತರಾಗಿಯೂ ಇರಬಾರದು. ದೊಡ್ಡ ಗಡ್ಡೆಯು ಪಕ್ಕದ ಸ್ಪರ್ಶನರವನ್ನೂ ಒತ್ತುತ್ತಿದ್ದರೆ ಕಣ್ಣಿನಲ್ಲಿ ಹುಣ್ಣಾದರೂ ನೋವು ಗೊತ್ತಾಗುವುದಿಲ್ಲ. ಅಂಥವರ ಕಣ್ಣು ಬಹುಬೇಗ ಹಾಳಾಗುತ್ತದೆ.

ದಿನಾಂಕದ ಲೆಕ್ಕ

ತೊಂದರೆ ಶುರುವಾದ ದಿನಾಂಕವನ್ನು ಬರೆದಿಡಿ. ವಾರಕ್ಕೊಮ್ಮೆ ಒಂದೇ ಜಾಗದಲ್ಲಿ, ಕಿಟಕಿಯ ಕಡೆ ಮುಖ ಮಾಡಿ ಕೂತು, ಅರ್ಧ ನಿಮಿಷದ ವಿಡಿಯೊ ಮಾಡಿಕೊಳ್ಳಿ. ಸುಮ್ಮನಿರುವ ಮುಖ, ಹುಬ್ಬೇರಿಸಿದ್ದು, ಕಣ್ಣನ್ನು ಹಗುರವಾಗಿ ಮುಚ್ಚಿದ್ದು, ಬಿಗಿಯಾಗಿ ಮುಚ್ಚಿದ್ದು, ಹಲ್ಲು ತೋರಿಸಿದ್ದು, ಕೆನ್ನೆ ಉಬ್ಬಿಸಿದ್ದು, ಇಷ್ಟೂ ಅದರಲ್ಲಿರಲಿ. ವೈದ್ಯರು ಮುಖದ ಚಲನೆಯನ್ನು 1985ರಿಂದ ಬಳಕೆಯಲ್ಲಿರುವ ಹೌಸ್–ಬ್ರಾಕ್‌ಮನ್ ಶ್ರೇಣಿಯಲ್ಲಿ 1ರಿಂದ 6ರವರೆಗೆ ಅಳೆಯುತ್ತಾರೆ. 1 ಎಂದರೆ ಸಂಪೂರ್ಣ ಸಹಜ, 6 ಎಂದರೆ ಚಲನೆಯೇ ಇಲ್ಲ. ಪ್ರಯತ್ನಪಟ್ಟರೆ ಕಣ್ಣು ಪೂರ್ತಿ ಮುಚ್ಚುವುದು 3ನೆಯ ಶ್ರೇಣಿ, ಎಷ್ಟು ಬಿಗಿದರೂ ಮುಚ್ಚದಿರುವುದು 4ನೆಯದು. ಈ 3 ಮತ್ತು 4ರ ನಡುವಿನ ಗೆರೆ ಮುಂದೆ ಚಿಕಿತ್ಸೆಯ ತೀರ್ಮಾನದಲ್ಲಿ ಮುಖ್ಯವಾಗುವುದರಿಂದ ವಿಡಿಯೊಗೆ ಬೆಲೆ ಇದೆ.

ಬೆಲ್ಸ್ ಪಾಲ್ಸಿಗೆ ತನ್ನದೇ ಆದ ಗತಿ ಇದೆ. ಅದು ಎರಡು ಮೂರು ದಿನಗಳಲ್ಲಿ ತನ್ನ ತುದಿ ಮುಟ್ಟುತ್ತದೆ, ಹೆಚ್ಚಿನವರಲ್ಲಿ ಮೂರು ವಾರದೊಳಗೆ ಚಲನೆ ಮರಳಲು ಶುರುವಾಗುತ್ತದೆ, ಚಿಕಿತ್ಸೆ ಪಡೆಯದವರಲ್ಲಿಯೂ 100ಕ್ಕೆ ಸುಮಾರು 70 ಜನ ಪೂರ್ಣ ಗುಣ ಹೊಂದುತ್ತಾರೆ. ಈ ಗತಿಗೆ ಹೊಂದದ್ದು ಯಾವುದಾದರೂ ಕಂಡರೆ ಅನುಮಾನಿಸಬೇಕು. ಮುಖ ದಿನದಿಂದ ದಿನಕ್ಕೆ, ವಾರದಿಂದ ವಾರಕ್ಕೆ ನಿಧಾನವಾಗಿ ಸೋಲುತ್ತಾ ಹೋಗುವುದು ಎಲ್ಲಕ್ಕಿಂತ ಮುಖ್ಯವಾದ ಲಕ್ಷಣ. ಮೂರು ತಿಂಗಳಾದರೂ ಪೂರ್ತಿ ಗುಣವಾಗದಿದ್ದರೆ ತಜ್ಞರ ಬಳಿ ಮತ್ತೆ ಹೋಗಬೇಕು. ಆರು ತಿಂಗಳಾದರೂ ಸ್ವಲ್ಪವೂ ಚಲನೆ ಮರಳದಿದ್ದರೆ ಅದು ಬೆಲ್ಸ್ ಪಾಲ್ಸಿ ಅಲ್ಲವೆಂದೇ ತಿಳಿದು ಬೇರೆ ಕಾರಣ ಹುಡುಕಬೇಕು. ಒಮ್ಮೆ ಸರಿಹೋದ ಮುಖ ಅದೇ ಬದಿಯಲ್ಲಿ ಮತ್ತೆ ಸೋಲುವುದು, ಸೋಲುವುದಕ್ಕೆ ಮೊದಲು ಅಥವಾ ಜೊತೆಗೆ ಕಣ್ಣಿನ ಸುತ್ತ, ಕೆನ್ನೆಯಲ್ಲಿ ಅದುರುವುದು, ಅದೇ ಬದಿಯ ಕಿವಿ ಮಂದವಾಗುವುದು ಅಥವಾ ಗುಂಯ್ ಎನ್ನುವುದು, ಕೆನ್ನೆ ಜೋಮು ಹಿಡಿಯುವುದು, ಐದು ಕವಲುಗಳಲ್ಲಿ ಒಂದೆರಡು ಮಾತ್ರ ಸೋತು ಉಳಿದವು ಸರಿಯಿರುವುದು, ಇವೂ ಅನುಮಾನಕ್ಕೆ ಕಾರಣಗಳು.

ಕಿವಿಯ ಕೆಳಗೆ ಅಥವಾ ದವಡೆಯ ಹಿಂದೆ ಗಂಟು ಸಿಕ್ಕಿ, ಅದರ ಜೊತೆಗೆ ಮುಖವೂ ಸೋತಿದ್ದರೆ ಅದು ಕ್ಯಾನ್ಸರ್ ಅಲ್ಲವೆಂದು ಸಾಬೀತಾಗುವವರೆಗೆ ಕ್ಯಾನ್ಸರ್ ಎಂದೇ ಎಣಿಸಬೇಕು. ಇಲ್ಲಿ ಮೂರು ತಿಂಗಳ ಗಡುವು ಅನ್ವಯಿಸುವುದಿಲ್ಲ, ಅದೇ ವಾರ ಆಸ್ಪತ್ರೆಗೆ ಹೋಗಬೇಕು. ಆ ಗಂಟಿಗೆ ಸೊಪ್ಪಿನ ಪಟ್ಟು ಕಟ್ಟುವುದರಲ್ಲಿ, ಬರೆ ಹಾಕಿಸುವುದರಲ್ಲಿ ಕಳೆಯುವ ಒಂದೊಂದು ತಿಂಗಳೂ ಶಸ್ತ್ರಚಿಕಿತ್ಸೆಯನ್ನು ದೊಡ್ಡದು ಮಾಡುತ್ತದೆ. ಹಿಂದೆ ಮುಖದ ಚರ್ಮದ ಅಥವಾ ಬಾಯಿಯ ಕ್ಯಾನ್ಸರಿಗೆ ಚಿಕಿತ್ಸೆ ಪಡೆದವರು, ಅದು ಎಷ್ಟೇ ಹಳೆಯದಾಗಿರಲಿ, ವೈದ್ಯರಿಗೆ ತಾವಾಗಿಯೇ ತಿಳಿಸಬೇಕು. ಕೆಲವು ಕ್ಯಾನ್ಸರುಗಳು ನರದ ಹೊದಿಕೆಯನ್ನೇ ದಾರಿ ಮಾಡಿಕೊಂಡು ಮೇಲಕ್ಕೆ ಹರಡುತ್ತವೆ.

ಪರೀಕ್ಷೆಗಳ ಸರದಿ

ಮೊದಲಿಗೆ ಸೂಕ್ಷ್ಮದರ್ಶಕದಲ್ಲಿ ಕಿವಿಯ ತಮಟೆಯನ್ನು ನೋಡುವುದು, ಶ್ರವಣ ಪರೀಕ್ಷೆ, ಎರಡೂ ಬದಿಯ ಕತ್ತು ಮತ್ತು ಪೆರೋಟಿಡ್ ಗ್ರಂಥಿಯನ್ನು ಕೈಯಿಂದ ಮುಟ್ಟಿ ನೋಡುವುದು ಆಗಬೇಕು. ಆಮೇಲಿನದು ಗ್ಯಾಡೊಲಿನಿಯಂ ಕಾಂಟ್ರಾಸ್ಟ್, ಅಂದರೆ ಚಿತ್ರದಲ್ಲಿ ಗಡ್ಡೆ ಎದ್ದು ಕಾಣುವಂತೆ ಮಾಡುವ ಚುಚ್ಚುಮದ್ದು, ಕೊಟ್ಟು ಮಾಡುವ ಎಂ.ಆರ್.ಐ. ಇಲ್ಲೊಂದು ವಿಷಯವನ್ನು ಒತ್ತಿ ಹೇಳಬೇಕು. ಕೇವಲ ಮಿದುಳಿನ ಎಂ.ಆರ್.ಐ. ಮಾಡಿಸಿ ‘ಎಲ್ಲ ಸರಿಯಿದೆ’ ಎಂಬ ವರದಿ ಬಂದಿತೆಂದು ಹುಡುಕಾಟ ನಿಲ್ಲಿಸಬಾರದು. ಸಾಮಾನ್ಯ ಮಿದುಳಿನ ಸ್ಕ್ಯಾನಿನ ದಪ್ಪ ಪದರಗಳಲ್ಲಿ ಕಿವಿಯ ಮೂಳೆಯೊಳಗಿನ ಸಣ್ಣ ಗಡ್ಡೆ ತಪ್ಪಿಹೋಗುತ್ತದೆ, ಪೆರೋಟಿಡ್ ಗ್ರಂಥಿ ಅದರಲ್ಲಿ ಪೂರ್ತಿ ಸೇರಿಯೇ ಇರುವುದಿಲ್ಲ. ಮಿದುಳಿನ ಕಾಂಡದಿಂದ ಪೆರೋಟಿಡ್‌ವರೆಗೆ ಮುಖದ ನರದ ಪೂರ್ತಿ ದಾರಿಯನ್ನು ತೆಳು ಪದರಗಳಲ್ಲಿ ನೋಡಬೇಕೆಂದು ಚೀಟಿಯಲ್ಲಿ ಬರೆದುಕೊಡುವಂತೆ ವೈದ್ಯರನ್ನು ವಿನಯದಿಂದಲೇ ಕೇಳಿ. ‘ಡಾಕ್ಟ್ರೇ, ಕಿವಿಯ ಒಳಗೂ ಕೆನ್ನೆಯ ಗ್ರಂಥಿಯೂ ಈ ಸ್ಕ್ಯಾನಿನಲ್ಲಿ ಬರುತ್ತದೆಯೇ?’ ಎಂಬ ಒಂದು ಪ್ರಶ್ನೆ ಸಾಕು, ಯಾರೂ ತಪ್ಪು ತಿಳಿಯುವುದಿಲ್ಲ. ಕಾಂಟ್ರಾಸ್ಟ್ ಕೊಡುವ ಮೊದಲು ಮೂತ್ರಪಿಂಡದ ಕ್ರಿಯೇಟಿನಿನ್ ಪರೀಕ್ಷೆ ಮಾಡಿಸುತ್ತಾರೆ. ಪೇಸ್‌ಮೇಕರ್, ದೇಹದೊಳಗೆ ಕೂರಿಸಿದ ಲೋಹ, ಗರ್ಭಧಾರಣೆ ಇವಿದ್ದರೆ ಮುಂಚೆಯೇ ತಿಳಿಸಬೇಕು.

ಕಿವಿಯ ಮೂಳೆಯ ಹೈ ರೆಸಲ್ಯೂಷನ್ ಸಿ.ಟಿ. ಸ್ಕ್ಯಾನ್ ಬೇರೆ ಮಾಹಿತಿ ಕೊಡುತ್ತದೆ. ಎಂ.ಆರ್.ಐ. ಗಡ್ಡೆಯ ಮಾಂಸವನ್ನು ತೋರಿಸಿದರೆ, ಸಿ.ಟಿ. ಅದು ಮೂಳೆಯ ಸುರಂಗವನ್ನು ಹೇಗೆ ಹಿಗ್ಗಿಸಿದೆ ಎಂಬುದನ್ನು ತೋರಿಸುತ್ತದೆ. ನರದ ಹೊದಿಕೆಯಿಂದ ಹುಟ್ಟುವ ಷ್ವಾನೋಮಾ ಸುರಂಗವನ್ನು ನುಣುಪಾಗಿ ಅಗಲಿಸುತ್ತದೆ. ರಕ್ತನಾಳಗಳ ಹೆಮಾಂಜಿಯೋಮಾ ಮೂಳೆಯನ್ನು ಜೇನುಗೂಡಿನಂತೆ ತೂತು ತೂತಾಗಿ ಕಾಣಿಸುತ್ತದೆ. ನರ ತಿರುಗುವ ಮೊದಲ ಮೂಲೆಯಲ್ಲಿ ಎರಡೂ ಸಾಮಾನ್ಯ. ಪೆರೋಟಿಡ್‌ನ ಗಂಟಿಗೆ ಅಲ್ಟ್ರಾಸೌಂಡ್ ನೋಡಿಕೊಂಡು ಸಣ್ಣ ಸೂಜಿಯಿಂದ ಕೋಶಗಳನ್ನು ತೆಗೆದು ಪರೀಕ್ಷಿಸುತ್ತಾರೆ. ಸೂಜಿ ಹಾಕಿದರೆ ಗಡ್ಡೆ ಕೆರಳುತ್ತದೆ ಎಂಬ ಭಯ ನಮ್ಮಲ್ಲಿ ವ್ಯಾಪಕವಾಗಿದ್ದರೂ ಈ ಪರೀಕ್ಷೆಗೆ ಅದು ಅಡ್ಡಿಯಾಗಬಾರದು. ಆದರೆ ನಡುಕಿವಿಯ ಒಳಗೆ, ನರದ ಮೇಲೆಯೇ ಕಾಣುವ ಗಡ್ಡೆಯ ವಿಷಯದಲ್ಲಿ ಎಚ್ಚರಿಕೆ ನಿಜವಾಗಿಯೂ ಬೇಕು. ಅಲ್ಲಿ ಬಯಾಪ್ಸಿಗಾಗಿ ಚೂರು ತೆಗೆದರೆ ಅದುವರೆಗೆ ಕೆಲಸ ಮಾಡುತ್ತಿದ್ದ ನರವೇ ತುಂಡಾಗಿ ಮುಖ ಸೋಲಬಹುದು. ಸ್ಕ್ಯಾನಿನ ಚಿತ್ರವೇ ಅಲ್ಲಿ ಹೆಚ್ಚಾಗಿ ಸಾಕಾಗುತ್ತದೆ.

ಕಾಯಬೇಕೆ, ತೆಗೆಸಬೇಕೆ

ಗಡ್ಡೆ ಎಂದು ತಿಳಿದ ಕೂಡಲೇ ‘ತೆಗೆಸಿಬಿಡೋಣ’ ಎಂದು ಮನೆಯವರು ಹೊರಡುವುದು ಸಹಜ. ಕ್ಯಾನ್ಸರಿನಲ್ಲಿ ಆ ಆತುರ ಸರಿಯಾದದ್ದು, ಷ್ವಾನೋಮಾದಲ್ಲಿ ಅದರಿಂದ ಹಾನಿಯಾಗಬಹುದು. ಷ್ವಾನೋಮಾ ಸಾಮಾನ್ಯವಾಗಿ ಕ್ಯಾನ್ಸರ್ ಅಲ್ಲ, ನಿಧಾನವಾಗಿ ಬೆಳೆಯುತ್ತದೆ, ಕೆಲವೊಮ್ಮೆ ವರ್ಷಗಟ್ಟಲೆ ಬೆಳೆಯದೆಯೂ ಇರುತ್ತದೆ. ಅದನ್ನು ಬುಡಸಮೇತ ತೆಗೆಯುವಾಗ ಆ ಭಾಗದ ನರವನ್ನೂ ಕತ್ತರಿಸಬೇಕಾಗುತ್ತದೆ. ಕತ್ತರಿಸಿದ ಜಾಗಕ್ಕೆ ಕತ್ತಿನ ಅಥವಾ ಮೀನಖಂಡದ ಸ್ಪರ್ಶನರದ ತುಂಡನ್ನು ಹೊಲಿದು ಸೇರಿಸಿದರೂ ಸಿಗುವ ಒಳ್ಳೆಯ ಫಲವೆಂದರೆ ಸಾಮಾನ್ಯವಾಗಿ 3ನೆಯ ಶ್ರೇಣಿ. ಹಾಗಾದರೆ 1 ಅಥವಾ 2ನೆಯ ಶ್ರೇಣಿಯ ಮುಖವನ್ನು ಶಸ್ತ್ರಚಿಕಿತ್ಸೆಗೆ ಒಪ್ಪಿಸಿ 3ಕ್ಕೆ ಇಳಿಸಿಕೊಳ್ಳುವುದರಲ್ಲಿ ಲಾಭವೇನು? ಇದೇ ಕಾರಣಕ್ಕೆ ಮುಖ ಚೆನ್ನಾಗಿರುವವರೆಗೆ ಕಾಯುವುದು ಒಪ್ಪಿತ ಕ್ರಮವಾಗಿದೆ. ಮೊದಲ ಎಂ.ಆರ್.ಐ. ಆದ ಆರು ತಿಂಗಳಿಗೆ ಇನ್ನೊಂದು, ಆಮೇಲೆ ವರ್ಷಕ್ಕೊಂದು ಎಂಬಂತೆ ನೋಡುತ್ತಾ, ಜೊತೆಗೆ ಶ್ರವಣ ಪರೀಕ್ಷೆ ಮತ್ತು ಮನೆಯ ವಿಡಿಯೊ ಇಟ್ಟುಕೊಳ್ಳುವುದು. ಈ ಕಾಯುವಿಕೆಯೂ ಚಿಕಿತ್ಸೆಯೇ. ಮುಂದಿನ ಸ್ಕ್ಯಾನಿಗೆ ಹೋಗದೆ ಬಿಟ್ಟರೆ ಮಾತ್ರ ಅದು ನಿರ್ಲಕ್ಷ್ಯವಾಗುತ್ತದೆ.

ಕಾಯುವಾಗ ಗಡ್ಡೆ ಬೆಳೆಯುತ್ತಿದೆ ಎಂದು ಕಂಡರೂ ಮುಖ ಇನ್ನೂ ಚೆನ್ನಾಗಿದ್ದರೆ ಎರಡು ದಾರಿಗಳಿವೆ. ಸುರಂಗದ ಮೂಳೆಯನ್ನು ತೆರೆದು ನರದ ಮೇಲಿನ ಒತ್ತಡ ಇಳಿಸುವುದು ಒಂದು, ಗಾಮಾ ನೈಫ್‌ನಂಥ ನಿಖರ ವಿಕಿರಣ ಇನ್ನೊಂದು. ವಿಕಿರಣವನ್ನು ಸಾಮಾನ್ಯವಾಗಿ ಒಂದೇ ಬಾರಿಗೆ 12ರಿಂದ 13 ಗ್ರೇ (ವಿಕಿರಣವನ್ನು ಅಳೆಯುವ ಮಾನ) ಪ್ರಮಾಣದಲ್ಲಿ ಕೊಡುತ್ತಾರೆ. ಅದರ ಗುರಿ ಬೆಳವಣಿಗೆಯನ್ನು ನಿಲ್ಲಿಸುವುದು ಮಾತ್ರ, ಗಡ್ಡೆ ಮಾಯವಾಗುವುದಿಲ್ಲ. ಮಿದುಳಿನ ಕಾಂಡವನ್ನು ಒತ್ತುತ್ತಿರುವ ದೊಡ್ಡ ಗಡ್ಡೆಗೆ ಇದು ಹೊಂದುವುದಿಲ್ಲ. ಮುಖ 4ನೆಯ ಶ್ರೇಣಿಗೆ ಇಳಿದಾಗ, ಅಥವಾ 3ರಲ್ಲಿದ್ದು ಇಳಿಯುತ್ತಲೇ ಇರುವಾಗ, ತೆಗೆದು ಕಸಿ ಮಾಡುವ ಮಾತು ಶುರುವಾಗುತ್ತದೆ. ಇನ್ನೂ ತಡಮಾಡುವುದರಲ್ಲಿಯೂ ಅಪಾಯವಿದೆ. ಮುಖ ಪೂರ್ತಿ ನಿಂತು ಒಂದೂವರೆ, ಎರಡು ವರ್ಷ ಕಳೆದರೆ ಸ್ನಾಯುಗಳೇ ಸೊರಗಿ ಕಸಿಗೆ ಸ್ಪಂದಿಸುವುದಿಲ್ಲ. ಹೆಮಾಂಜಿಯೋಮಾದಲ್ಲಿ ಲೆಕ್ಕ ಸ್ವಲ್ಪ ಬೇರೆ. ಅದು ಚಿಕ್ಕದಿರುವಾಗ ಕೆಲವರಲ್ಲಿ ನರವನ್ನು ಉಳಿಸಿಕೊಂಡೇ ಬಿಡಿಸಿ ತೆಗೆಯಬಹುದಾದ್ದರಿಂದ ಶಸ್ತ್ರಚಿಕಿತ್ಸೆಯನ್ನು ಬೇಗ ಯೋಚಿಸುತ್ತಾರೆ.

ಪೆರೋಟಿಡ್‌ನ ಸಾಮಾನ್ಯ ಗಡ್ಡೆಯೆಂದು ಶಸ್ತ್ರಚಿಕಿತ್ಸೆಗೆ ಹೋದವರಲ್ಲಿ, ತೆರೆದ ಮೇಲೆ ಅದು ಮುಖದ ನರದ್ದೇ ಷ್ವಾನೋಮಾ ಎಂದು ತಿಳಿಯುವುದುಂಟು. ಆಗ ಏನು ಮಾಡಬೇಕೆಂದು ಒಪ್ಪಿಗೆಪತ್ರಕ್ಕೆ ಸಹಿ ಹಾಕುವ ಮೊದಲೇ ಮಾತಾಡಿಕೊಳ್ಳುವುದು ಒಳ್ಳೆಯದು. ಮುಖ ಚೆನ್ನಾಗಿದ್ದರೆ ನರವನ್ನು ಮುಟ್ಟದೆ ಅಲ್ಲಿಗೇ ನಿಲ್ಲಿಸುವುದು ಬಹುತೇಕ ಸರಿಯಾದ ನಿರ್ಧಾರ. ಪೆರೋಟಿಡ್‌ನ ಕ್ಯಾನ್ಸರಿನಲ್ಲಿ ಇಂಥ ಸಂದೇಹಕ್ಕೆ ಎಡೆಯಿಲ್ಲ. ಗ್ರಂಥಿಯನ್ನು, ಬೇಕಾದರೆ ಕತ್ತಿನ ಗಂಟುಗಳನ್ನು, ಕ್ಯಾನ್ಸರ್ ಹೊಕ್ಕ ನರವನ್ನು ತೆಗೆದು, ಅದೇ ಶಸ್ತ್ರಚಿಕಿತ್ಸೆಯಲ್ಲಿ ನರದ ಕಸಿ ಮಾಡಿ, ಕೆಲವು ವಾರಗಳಲ್ಲಿ ವಿಕಿರಣ ಚಿಕಿತ್ಸೆ ಆರಂಭಿಸುತ್ತಾರೆ. ಚೆನ್ನಾಗಿ ಕೆಲಸ ಮಾಡುತ್ತಿರುವ ನರವನ್ನು ಸಾಧ್ಯವಾದಷ್ಟೂ ಉಳಿಸುತ್ತಾರೆ.

ಶಸ್ತ್ರಚಿಕಿತ್ಸಕರನ್ನು ಕೇಳಬೇಕಾದದ್ದು ಇನ್ನೊಂದಿದೆ. ಅವರು ಯಾವ ದಾರಿಯಿಂದ ಒಳಹೋಗುತ್ತಾರೆ, ಆ ಕಿವಿಯ ಶ್ರವಣ ಉಳಿಯುತ್ತದೆಯೇ ಎಂಬುದು. ಒಳಕಿವಿಯ ಮೂಲಕ ಹೋಗುವ ದಾರಿಯಲ್ಲಿ ಶ್ರವಣ ಪೂರ್ತಿ ಹೋಗುತ್ತದೆ, ಅದನ್ನು ಈಗಾಗಲೇ ಕೇಳದ ಕಿವಿಗೆ ಆರಿಸುತ್ತಾರೆ. ಇನ್ನೊಂದು ಕಿವಿ ಹುಟ್ಟಿನಿಂದಲೋ ಸೋರಿಕೆಯಿಂದಲೋ ಕೇಳದಿರುವವರಿಗೆ ಈ ಪ್ರಶ್ನೆ ಜೀವನದ ಪ್ರಶ್ನೆಯೇ ಆಗುತ್ತದೆ.

ಕಸಿಯಾದ ಮೇಲಿನ ತಿಂಗಳುಗಳು

ನರದ ಎಳೆ ದಿನಕ್ಕೆ ಸುಮಾರು 1 ಮಿಲಿಮೀಟರ್ ಬೆಳೆಯುತ್ತದೆ. ಹೀಗಾಗಿ ಮೊದಲ ಅದುರು ಕಾಣಲು ಆರು ತಿಂಗಳಾದರೂ ಬೇಕು, ಪೂರ್ಣ ಫಲಕ್ಕೆ ಒಂದೂವರೆ ವರ್ಷವೂ ಹಿಡಿಯಬಹುದು. ಈ ನಡುವೆ ಕಣ್ಣಿಗೆ ಮೇಲ್ರೆಪ್ಪೆಯಲ್ಲಿ ಚಿನ್ನ ಅಥವಾ ಪ್ಲಾಟಿನಮ್‌ನ ಪುಟ್ಟ ತೂಕ ಕೂರಿಸುವ ಸಣ್ಣ ಶಸ್ತ್ರಚಿಕಿತ್ಸೆ ಬಹಳ ನೆರವಾಗುತ್ತದೆ, ಅದನ್ನು ಮುಂದೆ ತೆಗೆಯಲೂಬಹುದು. ನರದ ಬುಡವೇ ಸಿಗದವರಿಗೆ ನಾಲಗೆಯ ಅಥವಾ ಅಗಿಯುವ ಸ್ನಾಯುವಿನ ನರವನ್ನು ಮುಖಕ್ಕೆ ಜೋಡಿಸುತ್ತಾರೆ. ಸ್ನಾಯು ಸೊರಗಿಹೋದವರಿಗೆ ತೊಡೆಯಿಂದ ಸ್ನಾಯುವನ್ನು ತಂದು ಕೂರಿಸುವ ದಾರಿಯೂ ಇದೆ.

ವ್ಯಾಯಾಮವನ್ನು ಕನ್ನಡಿಯ ಮುಂದೆ ನಿಧಾನವಾಗಿ, ಚಿಕ್ಕ ಚಿಕ್ಕ ಚಲನೆಗಳಲ್ಲಿ ಮಾಡಬೇಕು. ಬಲೂನು ಊದುವುದು, ಮುಖವನ್ನು ಬಲವಾಗಿ ಹಿಂಡುವುದು ಬೇಡ. ಚಿಗುರಿದ ನರ ದಾರಿ ತಪ್ಪಿ ನಗುವಾಗ ಕಣ್ಣು ಮುಚ್ಚುವಂಥ ಜಂಟಿ ಚಲನೆ ಉಂಟಾಗಿದ್ದರೆ ಅದು ಇನ್ನಷ್ಟು ಹೆಚ್ಚಬಹುದು. ಮುಖಕ್ಕೆ ಕರೆಂಟು ಕೊಡುವ ಚಿಕಿತ್ಸೆಯಿಂದ ನರ ಬೇಗ ಗುಣವಾಗುತ್ತದೆ ಎನ್ನಲು ಗಟ್ಟಿಯಾದ ಆಧಾರವಿಲ್ಲ. ಊಟದ ನಂತರ ಸೋತ ಕೆನ್ನೆಯ ಸಂದಿಯನ್ನು ಬೆರಳಿನಿಂದ ಸವರಿ ಬಾಯಿ ಮುಕ್ಕಳಿಸಬೇಕು. ಎಲೆ ಅಡಿಕೆಯ ಕವಳ ಅಭ್ಯಾಸವಿದ್ದವರ ಆ ಕೆನ್ನೆಯಲ್ಲಿ ಅದು ಗಂಟೆಗಟ್ಟಲೆ ಕೂತು ಹುಣ್ಣು ಮಾಡುತ್ತದೆ. ಬಾಯಿಯ ಕ್ಯಾನ್ಸರಿಗೂ ಅದು ಕಾರಣವಾಗುವುದರಿಂದ ಬಿಟ್ಟುಬಿಡಲು ಇದಕ್ಕಿಂತ ತಕ್ಕ ಕಾಲ ಬೇರೆ ಇಲ್ಲ.

ಎಲ್ಲಿಗೆ, ಏನನ್ನು ಒಯ್ಯಬೇಕು

ಶಿವಮೊಗ್ಗದ ಮೆಗ್ಗಾನ್ ಬೋಧನಾ ಆಸ್ಪತ್ರೆಯಂಥ ಕಡೆ ಇ.ಎನ್.ಟಿ. ಮತ್ತು ಕಣ್ಣಿನ ವಿಭಾಗದಿಂದ ಆರಂಭಿಸುವುದು ಒಳ್ಳೆಯದು. ಮೂಳೆಯೊಳಗಿನ ಅಥವಾ ತಲೆಬುರುಡೆಯೊಳಗಿನ ಗಡ್ಡೆಗೆ ಇ.ಎನ್.ಟಿ. ಮತ್ತು ನರಶಸ್ತ್ರಚಿಕಿತ್ಸಕರು ಕೂಡಿ ಕೆಲಸ ಮಾಡುವ ದೊಡ್ಡ ಕೇಂದ್ರ ಬೇಕು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಗಾಮಾ ನೈಫ್ ಇದೆ, ಕ್ಯಾನ್ಸರಿಗೆ ಕಿದ್ವಾಯಿ ಸಂಸ್ಥೆ ಇದೆ. ತೀರ್ಥಹಳ್ಳಿ, ಹೊಸನಗರದ ಕಡೆಯವರಿಗೆ ಘಟ್ಟ ಇಳಿದರೆ ಮಣಿಪಾಲ ಹತ್ತಿರ. ಆಯುಷ್ಮಾನ್ ಭಾರತ–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆಯ ನೆರವಿದೆ. ಹೊರಡುವ ಮೊದಲೇ ಸರ್ಕಾರಿ ಆಸ್ಪತ್ರೆಯ ರೆಫರಲ್ ಪತ್ರ, ರೇಷನ್ ಕಾರ್ಡು, ಆಧಾರ್ ಸಿದ್ಧಮಾಡಿಕೊಂಡರೆ ಬೆಂಗಳೂರಿನಿಂದ ಒಂದು ಕಾಗದಕ್ಕಾಗಿ ವಾಪಸು ಬರುವುದು ತಪ್ಪುತ್ತದೆ.

ಸ್ಕ್ಯಾನಿನ ವರದಿಯ ಹಾಳೆಯಷ್ಟೇ ಸಾಲದು, ಚಿತ್ರಗಳಿರುವ ಸಿ.ಡಿ.ಯನ್ನು ಪ್ರತಿಬಾರಿಯೂ ಕೇಳಿ ಪಡೆಯಿರಿ. ಕಳೆದ ವರ್ಷದ ಚಿತ್ರವನ್ನು ಈ ವರ್ಷದ್ದರ ಪಕ್ಕದಲ್ಲಿಟ್ಟು ಅಳೆದರೆ ಮಾತ್ರ ಗಡ್ಡೆ ಬೆಳೆದಿದೆಯೋ ಇಲ್ಲವೋ ಎಂಬುದು ತಿಳಿಯುತ್ತದೆ. ಮಳೆಗಾಲದ ತೇವಕ್ಕೆ ಫಿಲ್ಮು, ಸಿ.ಡಿ. ಎರಡೂ ಬೂಸಲು ಹಿಡಿಯುವುದರಿಂದ ಪೆನ್‌ಡ್ರೈವಿಗೂ ಒಂದು ಪ್ರತಿ ಹಾಕಿಸಿ, ಚಿಕಿತ್ಸೆಯ ಕಡತದ ಮೇಲ್ಪುಟದಲ್ಲಿ ಮುಂದಿನ ಎಂ.ಆರ್.ಐ. ದಿನಾಂಕವನ್ನು ದೊಡ್ಡದಾಗಿ ಬರೆದಿಡಿ.